ಅವ್ವನ ಆಣೆ, ಕ್ರೀಟಿನ ವೈನ್

ನಾನು ವೈನ್ ರುಚಿ ನೋಡುವ ಕೆಲಸದಲ್ಲಿದ್ದೇನೆ. ಹುಬ್ಬಳ್ಳಿಗೆ ಹೋದಾಗ ಇದನ್ನು ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕನಿಕರದಿಂದ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವರ ತಪ್ಪಲ್ಲ. ನಮ್ಮ ಕಡೆ ‘ವೈನ್ಸ್’ ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಕಬ್ಬಿಣದ ಜಾಳಿಗೆಯ ಹಿಂದೆ ಒಬ್ಬ ಕೂತಿರುತ್ತಾನೆ, ಮುಂದೆ ಗಂಡಸರು ಕೈ ಚಾಚಿಕೊಂಡು ನಿಂತಿರುತ್ತಾರೆ. ದುಬೈಯಲ್ಲಿ ನಾನು ಆ ಜಾಳಿಗೆಯ ಹಿಂದೆ ಕೂತಿದ್ದೇನೆಂದು ನಮ್ಮ ಬಳಗದ ಅರ್ಧ ಜನ ಇವತ್ತಿಗೂ ನಂಬಿದ್ದಾರೆ. ಒಂದು ಮದುವೆಯಲ್ಲಿ ಸೋದರಮಾವ ನನ್ನನ್ನು ಕಂಬದ ಹಿಂದಕ್ಕೆ ಕರೆದು, “ಅಲ್ಲೆ ಕ್ವಾರ್ಟರಿಗೆ ಎಷ್ಟೈತೋ?” ಎಂದು ಕೇಳಿದ. ವೈನಿನಲ್ಲಿ ಕ್ವಾರ್ಟರ್ ಬರುವುದಿಲ್ಲ ಮಾಮಾ ಎಂದೆ. ಹಾಗಾದರೆ ಅದೆಂಥ ವೈನ್ ಶಾಪು ಎಂದು ಅವನು ಬೇಸರಪಟ್ಟುಕೊಂಡು ಊಟದ ಪಂಕ್ತಿಗೆ ಹೋದ.

ನಿಜವಾದ ಕೆಲಸ ಇಷ್ಟು. ನಮ್ಮದು ದುಬೈ ಮತ್ತು ಅಬುಧಾಬಿಯ ಹೋಟೆಲುಗಳಿಗೆ ವೈನ್ ತರಿಸಿಕೊಡುವ ಕಂಪನಿ. ಯಾವುದನ್ನು ತರಿಸಬೇಕೆಂದು ರುಚಿ ನೋಡಿ ಹೇಳುವವರು ಕೆಲವರಿದ್ದೇವೆ. ತರಿಸಿದ ಮೇಲೆ ಅದನ್ನು ಗಿರಾಕಿಗೆ ಹೇಗೆ ವರ್ಣಿಸಬೇಕೆಂದು ಹೋಟೆಲಿನ ವೇಟರುಗಳಿಗೆ ಕಲಿಸುವವರೂ ನಾವೇ. ದೇಶಗಳನ್ನು ಹಂಚಿಕೊಂಡ ದಿನ, ಹಿಸ್ಸೆಯಾಗುವಾಗ ಹಿರಿಯಣ್ಣಂದಿರು ಎರೆ ಹೊಲವನ್ನೆಲ್ಲ ಹಿಡಿದುಕೊಂಡ ಹಾಗೆ, ಸೀನಿಯರುಗಳು ಫ್ರಾನ್ಸ್, ಇಟಲಿ, ಸ್ಪೇನುಗಳನ್ನು ಹಿಡಿದರು. ಸಮುದ್ರದಲ್ಲಿ ಬಿದ್ದಿದ್ದ ಚೂರುಪಾರು ನನ್ನ ಪಾಲಿಗೆ ಬಂತು: ಸಿಸಿಲಿ, ಸಾರ್ಡಿನಿಯಾ, ಕಾರ್ಸಿಕಾ, ಕ್ರೀಟ್, ಸೈಪ್ರಸ್. ಅದರಲ್ಲೂ ಅಲ್ಲಿನ ಬಿಳಿ ವೈನನ್ನು ಇನ್ನೊಬ್ಬ ಎತ್ತಿಕೊಂಡ. ಹೀಗೆ ನಾನು ಮೆಡಿಟರೇನಿಯನ್ ದ್ವೀಪಗಳ ಕೆಂಪು ವೈನಿಗೆ, ಅದೂ ಆ ದ್ವೀಪ ಬಿಟ್ಟರೆ ಹೆಚ್ಚುಕಡಿಮೆ ಬೇರೆಲ್ಲೂ ಬೆಳೆಯದ ದ್ರಾಕ್ಷಿಗಳಿಗೆ, ವಾರಸುದಾರನಾದೆ. ಯಾರೂ ಅಭಿನಂದಿಸಲಿಲ್ಲ.

ಈ ದ್ರಾಕ್ಷಿಗಳ ಮೊದಲ ತೊಂದರೆ ಹೆಸರು. ನೆರೆಲ್ಲೊ ಮಸ್ಕಲೇಸೆ, ಕೊತ್ಸಿಫಾಲಿ, ಮಾಂದಿಲಾರಿ, ಮರಾಥೆಫ್ತಿಕೊ. ಗಿರಾಕಿ ಮೆನು ನೋಡಿ, ಬಾಯಿ ತೆರೆದು, ಮುಚ್ಚಿ, ಅದರ ಕೆಳಗಿನ ಸಾಲಿನಲ್ಲಿರುವ, ಎಲ್ಲೆಲ್ಲೂ ಸಿಗುವ ಮೆರ್ಲೋ ಕೊಡಿ ಎನ್ನುತ್ತಾನೆ. ಎರಡನೆಯ ತೊಂದರೆ ಸ್ವಭಾವ. ಸೈಪ್ರಸ್ಸಿನ ಮರಾಥೆಫ್ತಿಕೊ ಬಳ್ಳಿ ಒಂಟಿಯಾಗಿದ್ದರೆ ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಪಕ್ಕದಲ್ಲಿ ಬೇರೆ ಜಾತಿಯ ಬಳ್ಳಿ ನೆಟ್ಟು ಅದನ್ನು ಸಮಾಧಾನದಲ್ಲಿ ಇಡಬೇಕು. ಕ್ರೀಟಿನ ಕೊತ್ಸಿಫಾಲಿಗೆ ಮೈಕಟ್ಟು ಇದೆ, ಬಣ್ಣವಿಲ್ಲ. ಅದೇ ದ್ವೀಪದ ಮಾಂದಿಲಾರಿಗೆ ಅಂಗಿಗೆ ಬಿದ್ದರೆ ಅಂಗಿಯನ್ನೇ ಎಸೆಯಬೇಕಾಗುವಷ್ಟು ಬಣ್ಣವಿದೆ, ಮೈಕಟ್ಟಿಲ್ಲ, ಮೇಲಿಂದ ವಿಪರೀತ ಒಗರು. ಆದ್ದರಿಂದ ಅಲ್ಲಿನವರು ಎರಡಕ್ಕೂ ಗಂಟು ಹಾಕುತ್ತಾರೆ. ನಮ್ಮ ಬಳಗದಲ್ಲಿ ಇಂಥ ಮದುವೆಗಳನ್ನು ಸಾಕಷ್ಟು ನೋಡಿದ್ದೇನೆ. ಒಟ್ಟಾರೆ ಚೆನ್ನಾಗಿಯೇ ನಡೆದುಕೊಂಡು ಹೋಗುತ್ತವೆ.

ಒಗರು ಎಂಬ ಮಾತು ನನಗೆ ಅನ್ನ ಹಾಕಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಇವರು ಪಡುವ ಪಾಡು ಹೇಳತೀರದು. ಒಬ್ಬ ಮಖಮಲ್ಲು ಎನ್ನುತ್ತಾನೆ, ಒಬ್ಬ ಚರ್ಮ ಎನ್ನುತ್ತಾನೆ, ಒಬ್ಬ ಒಣಗಿದೆ ಎನ್ನುತ್ತಾನೆ, ಕೈಯಲ್ಲಿರುವುದು ನೀರಿನಂಥ ಪದಾರ್ಥ. ನಾನು ನೇರಳೆಹಣ್ಣು ತಿಂದು ನಾಲಿಗೆ ದಪ್ಪಗಾದವನು, ಬಾಳೆಕಾಯಿ ಕಚ್ಚಿ ಬೈಸಿಕೊಂಡವನು. ಬಾಯಿಗೆ ಹಾಕಿದ ಕೂಡಲೇ ಇದು ನೇರಳೆಯ ಒಗರು, ಇದು ಕಾಯಿಯ ಒಗರು ಎಂದು ತಿಳಿಯುತ್ತದೆ. ಹೋಟೆಲಿನಲ್ಲಿ ಕನ್ನಡದ ವೇಟರುಗಳು ಸಿಕ್ಕರೆ ನನ್ನ ಪಾಠ ಬೇಗ ಮುಗಿಯುತ್ತದೆ. ಉಳಿದವರಿಗೆ ಮಖಮಲ್ಲಿನಿಂದ ಶುರುಮಾಡಬೇಕು.

ಈಗ ಮುಖ್ಯ ವಿಷಯ. ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದರೂ ನಾನು ಒಂದು ಗುಟುಕು ವೈನನ್ನೂ ಕುಡಿದಿರಲಿಲ್ಲ.

ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಇಲ್ಲಿನ ಒಂದು ಹೋಟೆಲಿನ ಬಾರಿಗೆ ಕೆಲಸಕ್ಕೆ ಹೊರಟ ದಿನದ ಮಾತು. ಬಾರ್ ಎಂದರೆ ಏನೆಂದು ಅವ್ವನಿಗೆ ಗೊತ್ತಿತ್ತು. ಮಾರುವುದಕ್ಕೆ ಅವಳ ತಕರಾರಿರಲಿಲ್ಲ. ಅವಳ ತಂದೆ ನಿಪ್ಪಾಣಿಯಲ್ಲಿ ಆಯುಷ್ಯವಿಡೀ ತಂಬಾಕು ಮಾರಿದವರು, ಒಂದು ಎಸಳನ್ನೂ ಬಾಯಿಗೆ ಹಾಕಿದವರಲ್ಲ. ವ್ಯಾಪಾರ ಮಾಡುವ ಮನೆಯವರು ಹಾಗೆಯೇ ಇರುತ್ತಾರೆ ಎಂದು ಅವಳು ತಿಳಿದಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದು ಭರವಸೆ ಅಷ್ಟೆ. ಅಡುಗೆಮನೆಗೆ ಕರೆದು, ನನ್ನ ಬಲಗೈ ಹಿಡಿದು, ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

“ಒಂದ್ ಗುಟುಕ್ ಸೈತ ಒಳಗ ಹೋಗಬಾರ್ದು. ಅನ್ನು,” ಎಂದಳು.

ಅಂದೆ. ಹೊರಗೆ ಅಪ್ಪ ಸೂಟ್‌ಕೇಸನ್ನು ಎಲ್ಲಿಡಬೇಕೆಂದು ಆಟೋದವನಿಗೆ ಹೇಳಿಕೊಡುತ್ತಿದ್ದರು. ಆಣೆ ತಪ್ಪಿದರೆ ಏನಾಗುತ್ತದೆಂದು ಅವ್ವ ಹೇಳಲಿಲ್ಲ. ನಮ್ಮ ಕಡೆ ಅದನ್ನು ಹೇಳುವ ಅಗತ್ಯವಿಲ್ಲ. ತಲೆ ಮುಟ್ಟಿ ಮಾಡಿದ ಆಣೆ ತಪ್ಪಿದರೆ ಆ ತಲೆ ಒಡೆಯುತ್ತದೆ. ತಪ್ಪಿದವನದಲ್ಲ, ಮುಟ್ಟಿಸಿಕೊಂಡವರದು.

ಬಾರಿನಲ್ಲಿ ಇದ್ದಷ್ಟು ದಿನ ತೊಂದರೆಯಾಗಲಿಲ್ಲ, ಸುರಿದು ಕೊಡುವುದಷ್ಟೇ ಕೆಲಸ. ವೈನ್ ಕಂಪನಿಗೆ ಬಂದ ಮೇಲೆ ರುಚಿ ನೋಡಲೇಬೇಕಾಯಿತು. ಆಗ ನಾನು ಆಣೆಯ ಮಾತನ್ನು ಒಂದೊಂದೇ ಪದವಾಗಿ ಬಿಡಿಸಿ ನೋಡಿದೆ. ‘ಕುಡಿಯಬಾರದು’ ಎಂದು ಅವಳು ಅಂದಿರಲಿಲ್ಲ. ‘ಒಳಗೆ ಹೋಗಬಾರದು’ ಅಂದಿದ್ದಳು. ಹಾಗಾದರೆ ಬಾಯಿ ಒಳಗೋ ಹೊರಗೋ? ಶಿವರಾತ್ರಿಯ ಉಪವಾಸದಲ್ಲಿ ಅವ್ವ ತಾನೇ ನೀರಿನಿಂದ ಬಾಯಿ ಮುಕ್ಕಳಿಸುತ್ತಿದ್ದಳು, ಉಪವಾಸ ಮುರಿಯಿತೆಂದು ಅಂದವಳಲ್ಲ. ಆದರೂ ಇನ್ನೊಂದು ಅಭಿಪ್ರಾಯ ಇರಲಿ ಎಂದು ಅಲ್ ಕುಸೈಸಿನ ನಮ್ಮ ಬಿಲ್ಡಿಂಗಿನಲ್ಲೇ ಇರುವ ಬ್ಯಾರಿ ಸಾಹೇಬರನ್ನು ಕೇಳಿದೆ. ಬರ್ ದುಬೈಯಲ್ಲಿ ಅವರದು ಅತ್ತರಿನ ಅಂಗಡಿ. ರಂಜಾನಿನ ಉಪವಾಸದಲ್ಲಿ ಬಾಯಿ ಮುಕ್ಕಳಿಸಬಹುದೋ ಎಂದು ಕೇಳಿದೆ.

“ಮುಕ್ಕಳಿಸ್ಬಹುದು. ಗಂಟಲಿಂದ ಕೆಳಗೆ ಹೋಗ್ಬಾರ್ದು ಅಷ್ಟೆ,” ಅಂದರು. ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಕೈ ಅಡ್ಡ ಹಿಡಿದು, “ಒಂದು ವಿಷ್ಯ ಮಾರಾಯ್ರೆ, ನಾನು ಹೇಳಿದ್ದು ನೀರಿನ ಬಗ್ಗೆ. ನಿಮ್ಮದರ ಬಗ್ಗೆ ನನ್ನನ್ನು ಕೇಳ್ಬೇಡಿ,” ಎಂದು ಸೇರಿಸಿದರು.

ಎರಡು ಧರ್ಮಗಳ ಬೆಂಬಲ ಸಿಕ್ಕಮೇಲೆ ನಾನು ಮುಕ್ಕಳಿಸಲು ಶುರುಮಾಡಿದೆ. ಈ ವ್ಯಾಪಾರದಲ್ಲಿ ಅದು ದೊಡ್ಡ ಸಂಗತಿಯೇನಲ್ಲ. ರುಚಿ ನೋಡುವವರೆಲ್ಲ ಬಾಯಿಗೆ ಹಾಕಿ, ಹೊರಳಿಸಿ, ಪಕ್ಕದಲ್ಲಿಟ್ಟ ಬಕೆಟ್ಟಿಗೆ ಉಗುಳುತ್ತಾರೆ. ಉಗುಳದಿದ್ದರೆ ಮಧ್ಯಾಹ್ನದೊಳಗೆ ಯಾರೂ ಎದ್ದು ನಿಲ್ಲುವ ಸ್ಥಿತಿಯಲ್ಲಿ ಇರುವುದಿಲ್ಲ. ವ್ಯತ್ಯಾಸವೆಂದರೆ ಅವರು ಕೆಲಸ ಮುಗಿದ ಮೇಲೆ ಕುಡಿಯುತ್ತಾರೆ, ನಾನು ಕೆಲಸ ಮುಗಿದ ಮೇಲೆ ಅವರನ್ನೆಲ್ಲ ಕಾರಿನಲ್ಲಿ ಮನೆಮನೆಗೆ ಬಿಟ್ಟು ಬರುತ್ತೇನೆ. ಉಗುಳುವುದರಲ್ಲಂತೂ ನನಗೆ ಸರಿಸಾಟಿ ಇರಲಿಲ್ಲ. ಬಿಳಿಯರು ಪಾಪ, ಬಕೆಟ್ಟಿನ ಮೇಲೆ ಬಗ್ಗಿ, ಟೈ ಹಿಡಿದುಕೊಂಡು, ಗಲ್ಲದ ಮೇಲೆಲ್ಲ ಇಳಿಸಿಕೊಳ್ಳುತ್ತಾರೆ. ನಮ್ಮ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಹೊರಸಿನ ಮೇಲೆ ಕೂತಲ್ಲಿಂದಲೇ, ಅಂಗಳದಲ್ಲಿ ಒಣಗಿಸಿದ ಮೆಣಸಿನಕಾಯಿಗೆ ಒಂದು ಹನಿ ತಾಗದಂತೆ, ಅದರಾಚೆಯ ಮೂಲೆಗೆ ಉಗುಳುತ್ತಿದ್ದಳು. ಆ ವಿದ್ಯೆ ರಕ್ತದಲ್ಲಿ ಬಂದಿರಬೇಕು. ಕಂಪನಿಯ ವಾರ್ಷಿಕ ಊಟದಲ್ಲಿ ನನ್ನ ಈ ಕೌಶಲವನ್ನು ವೇದಿಕೆಯ ಮೇಲೆ ಹೊಗಳಿದ್ದಾರೆ.

ಇನ್ನೊಂದು ಮಾತು ಹೇಳಬೇಕು. ಪ್ರತಿ ಸಲ ಬಾಯಿಗೆ ವೈನ್ ಹಾಕಿಕೊಂಡಾಗ, ಗಂಟಲು ತೆರೆಯದಂತೆ ಬಿಗಿಹಿಡಿಯುವ ಆ ಒಂದು ಕ್ಷಣದಲ್ಲಿ, ನನಗೆ ಅವ್ವನ ನೆತ್ತಿ ನೆನಪಾಗುತ್ತಿತ್ತು. ಎಣ್ಣೆ ಹಚ್ಚಿದ ಬೈತಲೆ, ಬೆರಳಿಗೆ ತಾಗುವ ಬೆಚ್ಚಗಿನ ಬುರುಡೆ. ಪರದೇಶದಲ್ಲಿರುವ ಗಂಡುಮಕ್ಕಳಲ್ಲಿ ತಾಯಿಯನ್ನು ದಿನಕ್ಕೆ ನನ್ನಷ್ಟು ಸಲ ನೆನೆದವರು ಕಡಿಮೆ. ನೆನೆದು ಉಗುಳುತ್ತಿದ್ದೆ ಎಂಬುದು ಬೇರೆ ಮಾತು. ಆದರೆ ಆ ನೆನಪು ನನಗೆ ಬೇಕಾಗಿತ್ತು, ಅದು ನನಗೆ ಹಿತವಾಗಿತ್ತು.

ಅಪ್ಪ ಹೋದ ಮೇಲೆ ಅವ್ವ ಚಳಿಗಾಲದಲ್ಲಿ ವಿಸಿಟ್ ವೀಸಾದ ಮೇಲೆ ನಮ್ಮಲ್ಲಿಗೆ ಬರುತ್ತಾಳೆ. ಕಳೆದ ಚಳಿಗಾಲ ಅವಳು ಇಲ್ಲಿದ್ದಾಗಲೇ ಕ್ರೀಟಿನ ಮುದುಕಿಯೂ ಬಂದಳು.

ಈಕೆ ಕೊತ್ಸಿಫಾಲಿ ಮತ್ತು ಮಾಂದಿಲಾರಿಯ ಮದುವೆ ಮಾಡಿಸುವವರಲ್ಲಿ ಹೆಸರಾದವಳು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾನೇ ನೋಡಿಕೊಂಡು ಬಂದಿದ್ದಳು. ಮೈತುಂಬ ಕಪ್ಪು ಬಟ್ಟೆ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಜೊತೆಗೆ ಅವಳ ಗ್ರೀಕನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬ ಸೋದರಳಿಯ. ಅವಳ ವೈನನ್ನು ಇಡೀ ಗಲ್ಫಿಗೆ ಮಾರುವ ಏಜೆನ್ಸಿಯನ್ನು ಯಾರಿಗಾದರೂ ಕೊಡಬೇಕಿತ್ತು. ನಮ್ಮ ಕಂಪನಿಗೂ ಬೇಕಿತ್ತು, ನಮಗಿಂತ ದೊಡ್ಡ ಇನ್ನೊಂದು ಕಂಪನಿಗೂ ಬೇಕಿತ್ತು. ನಮ್ಮ ದುಬೈ ಆಫೀಸಿನಲ್ಲಿ ಅವಳ ಬಾಟಲಿಗಳನ್ನು ಸಾಲಾಗಿ ಇಟ್ಟು ರುಚಿ ನೋಡುವ ಕಾರ್ಯಕ್ರಮ ನಡೆಯಿತು. ನಾನು ನೋಡಿದೆ, ಬರೆದುಕೊಂಡೆ, ಬಹಳ ಒಳ್ಳೆಯದಿದೆ ಎಂದೆ. ಅದು ಸುಳ್ಳಲ್ಲ. ಒಗರು ಎಷ್ಟಿರಬೇಕೋ ಅಷ್ಟೇ ಇತ್ತು. ಆಮೇಲೆ ಎಂದಿನಂತೆ, ಎರಡು ಹೆಜ್ಜೆ ದೂರದಿಂದ, ಒಂದು ಹನಿ ಆಚೀಚೆಯಾಗದಂತೆ ಬಕೆಟ್ಟಿಗೆ ಉಗುಳಿದೆ.

ಮುದುಕಿ ಸೋದರಳಿಯನ ತೋಳು ತಟ್ಟಿ ಏನೋ ಕೇಳಿದಳು. ಅವನು ಏನೋ ಸಮಾಧಾನ ಹೇಳಿದ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಕಾರ್ಯಕ್ರಮ ಮುಗಿದು ಎಲ್ಲರೂ ಗ್ಲಾಸು ತುಂಬಿಕೊಂಡು ಮಾತಾಡುತ್ತ ನಿಂತಾಗ ನನ್ನ ಕೈಯಲ್ಲಿ ನೀರಿನ ಗ್ಲಾಸಿತ್ತು. ಅದನ್ನೂ ಅವಳು ನೋಡಿದಳು.

“ಅತ್ತೆ ಕೇಳುತ್ತಿದ್ದಾಳೆ, ನನ್ನ ವೈನನ್ನು ಮಾರುವವನು ಇವನೇ ಅಲ್ಲವಾ?” ಎಂದು ಸೋದರಳಿಯ ಹೇಳಿದ. ನಮ್ಮ ಬಾಸ್ ಹೌದು ಎಂದ. “ಹಾಗಾದರೆ ಇವನು ಕುಡಿಯುವುದನ್ನು ಅವಳು ನೋಡಬೇಕಂತೆ. ಉಗುಳುವವರ ಕೈಗೆ ತೋಟ ಕೊಟ್ಟು ಹೋಗುವುದಿಲ್ಲವಂತೆ.”

ನಮ್ಮ ಬಾಸ್ ಬೈರೂತಿನವನು, ಎಲ್ಲದಕ್ಕೂ ನಗುವವನು. ಅವತ್ತೂ ನಕ್ಕು, ಗುರುವಾರ ಸಂಜೆ ಅಬುಧಾಬಿಯ ಖಾಲಿದಿಯಾದಲ್ಲಿ ಊಟ ಇಟ್ಟುಕೊಳ್ಳೋಣ, ಅಲ್ಲಿ ಇವನು ನಿಮ್ಮ ಜೊತೆ ಕುಡಿಯುತ್ತಾನೆ, ಕಾಗದಕ್ಕೂ ಅಲ್ಲೇ ಸಹಿ ಹಾಕಿ ಎಂದುಬಿಟ್ಟ. ಆಮೇಲೆ ನನ್ನನ್ನು ತನ್ನ ಕೋಣೆಗೆ ಕರೆದಾಗ ನಗುತ್ತಿರಲಿಲ್ಲ.

ನನ್ನ ಆಣೆಯ ವಿಷಯ ಅವನಿಗೆ ಗೊತ್ತಿತ್ತು. ಅದನ್ನೇ ಮುದುಕಿಗೆ ಹೇಳಿಬಿಡೋಣ, ಅವಳೂ ಹೆಂಗಸು, ಅರ್ಥವಾಗಬಹುದು ಎಂದೆ. ಅವನು ಬೇಡ ಎಂದ. ವೈನ್ ಕಂಪನಿಯಲ್ಲಿ ವೈನ್ ಕುಡಿಯದವನನ್ನು ಇಟ್ಟುಕೊಂಡಿದ್ದೇವೆ ಎಂದು ಅವಳು ಇನ್ನೊಂದು ಕಂಪನಿಯವರಿಗೆ ಹೇಳಿದರೆ ನಾಳೆ ಹೋಟೆಲುಗಳಲ್ಲಿ ನಿನ್ನ ಮಾತನ್ನು ಯಾರು ಕೇಳುತ್ತಾರೆ ಎಂದು ಕೇಳಿದ.

“ಒಂದು ಗುಟುಕು, ಹಬೀಬಿ. ಈ ಏಜೆನ್ಸಿ ಹೋದರೆ ದ್ವೀಪಗಳ ವಿಭಾಗ ಖಲಾಸ್. ನಾನು ಮೇಲಿನವರನ್ನು ತಡೆಯಲಾರೆ.”

ದ್ವೀಪಗಳ ವಿಭಾಗ ಎಂದರೆ ನಾನೊಬ್ಬನೇ. ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು. ಮಗಳು ಹನ್ನೆರಡನೆಯ ಕ್ಲಾಸಿನಲ್ಲಿದ್ದಳು, ಬೋರ್ಡ್ ಪರೀಕ್ಷೆ ಎದುರಿಗಿತ್ತು. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಅಲ್ ಕುಸೈಸಿನಲ್ಲಿ. ಹುಬ್ಬಳ್ಳಿ ಎಂದರೆ ಅವಳ ಪಾಲಿಗೆ ಬೇಸಿಗೆಯಲ್ಲಿ ಸೊಳ್ಳೆ ಕಚ್ಚಿಸಿಕೊಳ್ಳುವ ಜಾಗ. ಒಂದು ಕಡೆ ಇದೆಲ್ಲ ಇತ್ತು, ಇನ್ನೊಂದು ಕಡೆ ಅವ್ವನ ತಲೆ ಇತ್ತು. ತಲೆ ಒಡೆಯುವುದನ್ನು ನಾನು ನಂಬುತ್ತೇನೆಯೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಆದರೆ ನಂಬದವನು ಇಷ್ಟು ವರ್ಷ ಯಾಕೆ ಉಗುಳಿದೆ ಎಂದು ಕೇಳಿದರೆ ಏನು ಹೇಳಬೇಕೆಂದು ತಿಳಿಯುತ್ತಿರಲಿಲ್ಲ.

ದಾರಿ ಒಂದೇ ಇತ್ತು. ಆಣೆ ಮಾಡಿಸಿದವರೇ ಅದನ್ನು ಬಿಡಿಸಬಹುದು.

ಬುಧವಾರ ಸಂಜೆ ಮನೆಗೆ ಬಂದಾಗ ಅವ್ವ ಹಾಲ್‌ನಲ್ಲಿ ಪೇಪರ್ ಹಾಸಿಕೊಂಡು ಮೆಂತ್ಯಪಲ್ಯೆ ಸೋಸುತ್ತಿದ್ದಳು. ಹೆಂಡತಿ ತಾನು ಕಲಿಸುವ ಶಾಲೆಯ ಪೇಪರುಗಳನ್ನು ತಿದ್ದುತ್ತಿದ್ದಳು. ನಾನು ಅವ್ವನ ಎದುರು ನೆಲಕ್ಕೆ ಕೂತು ಎಲ್ಲವನ್ನೂ ಹೇಳಿದೆ. ಮುದುಕಿ, ಏಜೆನ್ಸಿ, ಕೆಲಸ, ವೀಸಾ, ಮೊಮ್ಮಗಳ ಪರೀಕ್ಷೆ. ಅವಳು ಒಂದೊಂದೇ ಕಡ್ಡಿ ಬಿಡಿಸುತ್ತ ಕೇಳಿದಳು. ಮೊಮ್ಮಗಳ ಮಾತು ಬಂದಾಗ ಮಾತ್ರ ಕೈ ನಿಲ್ಲಿಸಿ ಒಳಕೋಣೆಯ ಬಾಗಿಲ ಕಡೆ ನೋಡಿದಳು.

“ಅದಕ್ಕ, ಆ ಆಣಿ ಬಿಡಸ್ಬೇಕಾಗೇತಿ ಬೇ,” ಎಂದೆ.

“ಯಾವ ಆಣಿ? ಕಾಲಾಂದು ಹ್ವಾದ ವರ್ಷನ ಹ್ವಾತಲ್ಲೋ. ಡಾಕ್ಟರ ಕೊಯ್ದು ತಗದ್ರಲ್ಲ?”

ನಮ್ಮ ಕಡೆ ಮಾತು ಹೀಗೆ. ಮನೆ ಮನಿಯಾಗುತ್ತದೆ, ತಲೆ ತಲಿಯಾಗುತ್ತದೆ, ಆಣೆ ಆಣಿಯಾಗುತ್ತದೆ. ಅಂಗಾಲಿನಲ್ಲಿ ಗಟ್ಟಿ ಗಂಟಾಗಿ ನಡೆಯಲು ಬಿಡದ ಆಣಿಯೂ ಆಣಿಯೇ. ಎರಡನ್ನೂ ಹೊತ್ತುಕೊಂಡು ತಿರುಗಬೇಕು, ಅಷ್ಟರ ಮಟ್ಟಿಗೆ ಭಾಷೆ ಸರಿಯಾಗಿಯೇ ಇದೆ.

“ಕಾಲಾಂದಲ್ಲ. ನಾ ಇಲ್ಲಿಗೆ ಬರೂ ದಿನ ಅಡಗಿಮನ್ಯಾಗ ನಿನ್ನ ತಲಿ ಮ್ಯಾಲ ಕೈ ಇಡಿಸ್ಕೊಂಡು ಮಾಡಸಿದ್ದೆಲ್ಲ, ಅದು.”

“ನಾನು?”

“ಹೂಂ. ಒಂದ್ ಗುಟುಕ್ ಸೈತ ಒಳಗ ಹೋಗಬಾರ್ದು ಅಂತ.”

“ನಾ ಯಾವಾಗ ಮಾಡಸಿದ್ನೋ? ಹೆತ್ತ ಮಗನ್ ಕಡಿಂದ ತನ್ನ ತಲಿ ಮ್ಯಾಲ ಯಾರರ ಆಣಿ ಮಾಡಸ್ತಾರೇನು? ಕನಸ ಬಿದ್ದಿರಬೇಕು ನಿನಗ.”

ಅವ್ವನ ನೆನಪಿನ ಶಕ್ತಿಯ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ನನ್ನ ತಂಗಿಯ ಮದುವೆಯಲ್ಲಿ ಯಾರು ಸ್ಟೀಲ್ ಕೊಡ ಕೊಟ್ಟರು, ಯಾರು ಬರೀ ಟವೆಲ್ಲು ಕೊಟ್ಟು ಊಟ ಮಾಡಿ ಹೋದರು ಎಂಬುದನ್ನು ಇವತ್ತೂ ಸಾಲಾಗಿ ಹೇಳುತ್ತಾಳೆ. ಅಂಥವಳು ಇದನ್ನು ಮರೆತಿದ್ದಾಳೆ ಎಂದರೆ ಅವಳಿಗೆ ಅದು ಟವೆಲ್ಲಿನಷ್ಟೂ ದೊಡ್ಡ ಸಂಗತಿಯಾಗಿರಲಿಲ್ಲ ಎಂದೇ ಅರ್ಥ.

“ಹಂಗಾರ ಸುಮ್ನ ಬಿಟ್ಟೇನಿ ಅಂತ ಒಂದ್ ಮಾತ್ ಅಂದ್ ಬಿಡು,” ಎಂದೆ.

“ಮಾಡಸಲಾರದ್ದನ್ನ ಹೆಂಗ ಬಿಡ್ಲಿ? ಸುಳ್ಳ ಹೇಳ್ಲೇನು ಈ ವಯಸ್ಸಿನ್ಯಾಗ?”

ಹೆಂಡತಿ ಪೇಪರಿನಿಂದ ತಲೆ ಎತ್ತಿ, “ಹಂಗಾರ ಖಲಾಸ್ ಆತಲ್ಲ. ಆಣಿನ ಇಲ್ಲ ಅಂದ್ಮ್ಯಾಲ ಕುಡದ್ ಬರ್ರಿ,” ಎಂದಳು. ಅವ್ವ ಮೆಂತ್ಯದ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಂತು.

ನನಗೆ ಸಿಟ್ಟು ಬಂತು. ಬಿಡುಗಡೆ ಸಿಕ್ಕವನಿಗೆ ಸಿಟ್ಟು ಯಾಕೆ ಎಂದು ಹೆಂಡತಿ ಕೇಳಿದಳು. ಇಷ್ಟು ವರ್ಷ ನಾನು ಒಂದು ತುದಿ ಹಿಡಿದುಕೊಂಡಿದ್ದೆ, ಇನ್ನೊಂದು ತುದಿಯನ್ನು ಅವ್ವ ಹಿಡಿದಿದ್ದಾಳೆ ಎಂದುಕೊಂಡಿದ್ದೆ. ಆ ತುದಿಯಲ್ಲಿ ಯಾರೂ ಇರಲೇ ಇಲ್ಲ. ಊಟಕ್ಕೆ ಮೆಂತ್ಯದ ಪಲ್ಯೆ ಮಾಡಿದ್ದಳು, ಚೆನ್ನಾಗಿತ್ತು. ಚೆನ್ನಾಗಿದೆ ಎಂದು ನಾನು ಹೇಳಲಿಲ್ಲ.

ಗುರುವಾರ ಅಬುಧಾಬಿಗೆ ನಾನೇ ಕಾರು ಓಡಿಸಿಕೊಂಡು ಹೋದೆ. ಬಾಸ್ ನನ್ನ ಪಕ್ಕದಲ್ಲಿ ಕೂತು ಮೂರು ಭಾಷೆಗಳಲ್ಲಿ ಫೋನಿನ ಮೇಲೆ ಜಗಳವಾಡುತ್ತಿದ್ದ. ಖಾಲಿದಿಯಾದ ಆ ಹೋಟೆಲು ನಮಗೆ ಹಳೆಯ ಗಿರಾಕಿ. ಕಿಟಕಿಯ ಪಕ್ಕದ ಮೇಜು, ಬಿಳಿ ಬಟ್ಟೆ, ಸುಟ್ಟ ಮೀನು. ನಾನು ಮೀನು ತಿನ್ನುವುದಿಲ್ಲ ಎಂದು ತಿಳಿದಾಗ ಮುದುಕಿ ಹುಬ್ಬು ಗಂಟಿಕ್ಕಿದಳು. ಇವನು ಏನನ್ನು ತಾನೇ ಒಳಗೆ ಬಿಟ್ಟುಕೊಳ್ಳುತ್ತಾನೆ ಎಂಬಂತಿತ್ತು ಅವಳ ಮುಖ. ನನಗಾಗಿ ಬದನೆಕಾಯಿ ತರಿಸಿದರು.

ಬಾಟಲಿಯನ್ನು ವೇಟರನ ಕೈಯಿಂದ ಅವಳೇ ಕಸಿದುಕೊಂಡು ನನ್ನ ಗ್ಲಾಸಿಗೆ ಸುರಿದಳು. ರುಚಿ ನೋಡುವವರಿಗೆ ಹಾಕುವ ತಳಮಟ್ಟದ ಅಳತೆಯಲ್ಲ, ಮನೆಗೆ ಬಂದವರಿಗೆ ಮಜ್ಜಿಗೆ ಹಾಕುವ ಅಳತೆ. ಕನ್ನಡಕ ಏರಿಸಿ ನನ್ನ ಗಂಟಲನ್ನೇ ನೋಡುತ್ತ ಕೂತಳು. ಗಂಟಲಮಣಿ ಮೇಲೆ ಕೆಳಗೆ ಆಗುವುದನ್ನು ನೋಡದೆ ಅವಳು ಬಿಡುವವಳಲ್ಲ. ಸುಮ್ಮನೆ ತುಟಿಗೆ ತಾಗಿಸಿ ಕೆಳಗಿಡೋಣ ಎಂದುಕೊಂಡಿದ್ದ ನನ್ನ ಉಪಾಯ ಅಲ್ಲಿಗೇ ಸತ್ತಿತು.

ಬಾಯಿಗೆ ತೆಗೆದುಕೊಂಡೆ. ಅಭ್ಯಾಸಬಲ, ಗಂಟಲು ತಾನಾಗಿಯೇ ಮುಚ್ಚಿಕೊಂಡಿತು. ಅವ್ವನ ನೆತ್ತಿ ನೆನಪಾಯಿತು. ಅದರ ಹಿಂದೆಯೇ, ಯಾವ ಆಣಿ ಎಂದು ಕೇಳಿದ ಅವಳ ಮುಖವೂ ನೆನಪಾಯಿತು. ಆ ಸಿಟ್ಟಿನಲ್ಲೇ ಕಣ್ಣು ಮುಚ್ಚಿ ನುಂಗಿಬಿಟ್ಟೆ.

ಕಣ್ಣು ತೆರೆದು ನೋಡಿದರೆ ಮುದುಕಿ ಎದುರಿಗೆ ಇರಲಿಲ್ಲ. ಕನ್ನಡಕದ ದಾರ ಕಿತ್ತುಹೋಗಿ ಕನ್ನಡಕ ಮೇಜಿನ ಕೆಳಗೆ ಬಿದ್ದಿತ್ತು. ಅವಳೂ ಸೋದರಳಿಯನೂ ಬಗ್ಗಿಕೊಂಡು ಅದನ್ನು ಹುಡುಕುತ್ತಿದ್ದರು. ಬಾಸ್ ಫೋನಿನಲ್ಲಿದ್ದ. ನಾನು ಆಣೆ ಮುರಿದದ್ದನ್ನು ಇಡೀ ಅಬುಧಾಬಿಯಲ್ಲಿ ಒಬ್ಬರೂ ನೋಡಲಿಲ್ಲ.

ಕನ್ನಡಕ ಸಿಕ್ಕಿತು. ಅವಳು ಅದನ್ನು ಒರೆಸಿ ಹಾಕಿಕೊಂಡು, ಹೂಂ, ಈಗ, ಎಂಬಂತೆ ಗಲ್ಲ ಎತ್ತಿದಳು. ಎರಡನೆಯ ಸಲ ಕುಡಿದೆ. ಈ ಸಲ ಸಿಟ್ಟು ಇರಲಿಲ್ಲ, ಆದ್ದರಿಂದ ಗಮನ ಇತ್ತು. ಒಗರು ನಾಲಿಗೆಯನ್ನು ಹಿಡಿದುಕೊಂಡಿತು, ಅದು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಆಮೇಲಿನದು. ಅದು ಗಂಟಲಲ್ಲಿ ಸಡಿಲವಾಗಿ, ಬೆಚ್ಚಗಾಗಿ ಕೆಳಗಿಳಿದು, ಇಳಿದ ಮೇಲೆ ಬಾಯಿಗೆ ಹಣ್ಣಿನ ವಾಸನೆಯನ್ನು ವಾಪಸು ಕಳಿಸಿತು. ಇಷ್ಟು ವರ್ಷ ನಾನು ಹೋಟೆಲು ಹೋಟೆಲಿಗೆ ಹೋಗಿ ವೈನಿನ ಮೇಲೆ ಮಾಡಿದ ಪಾಠವೆಲ್ಲ ಗಂಟಲಿನಿಂದ ಮೇಲಿನದು. ಕೆಳಗೂ ಒಂದಿಷ್ಟು ಪಾಠವಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಪ್ರಯೋಜನವಿರಲಿಲ್ಲ.

ಮುದುಕಿ ಮೇಜಿನ ಮೇಲೆ ಒಮ್ಮೆ ಕೈ ತಟ್ಟಿ ಏನೋ ಹೇಳಿದಳು. “ಈಗ ಇವನ ಮುಖ ಸರಿಯಾಯಿತು ಅನ್ನುತ್ತಿದ್ದಾಳೆ,” ಎಂದ ಸೋದರಳಿಯ. ಅವಳು ಸಹಿ ಹಾಕಿದಳು. ಬಾಸ್ ಮತ್ತೆ ನಗತೊಡಗಿದ. ಕೆಲಸ ಉಳಿಯಿತು, ಮಗಳ ಪರೀಕ್ಷೆ ಉಳಿಯಿತು. ನಾನು ಬದನೆಕಾಯಿ ತಿಂದೆ.

ವಾಪಸು ಬರುವಾಗ ಒಂದು ತೊಡಕಾಯಿತು. ಎಲ್ಲರನ್ನೂ ಮನೆಗೆ ಬಿಡುತ್ತಿದ್ದವನು ನಾನು, ಅವತ್ತು ಕಾರು ಮುಟ್ಟುವಂತಿರಲಿಲ್ಲ. ಟ್ಯಾಕ್ಸಿ ಮಾಡಿಕೊಂಡು ಬಂದೆವು. ಅಲ್ ಕುಸೈಸಿಗೆ ಬಂದಾಗ ಅವ್ವನ ಕೋಣೆಯ ಬಾಗಿಲು ಹಾಕಿತ್ತು. ಹೆಂಡತಿ, “ಮಲಗ್ಯಾರ, ಎಬ್ಬಸ್ಬ್ಯಾಡ್ರಿ,” ಎಂದಳು. ಹೋಗಿ ಮಲಗಿದೆ. ಒಳ್ಳೆಯ ನಿದ್ದೆ ಬಂತು. ಅದಕ್ಕೆ ನಾನು ಕೊತ್ಸಿಫಾಲಿಯನ್ನೇ ಹೊಣೆ ಮಾಡುತ್ತೇನೆ.

ಬೆಳಿಗ್ಗೆ ಎಚ್ಚರವಾದಾಗ ಹೆಂಡತಿ, ಮಗಳು ಶಾಲೆಗೆ ಹೋಗಿಯಾಗಿತ್ತು. ಮನೆಯಲ್ಲಿ ಸದ್ದಿರಲಿಲ್ಲ.

ಅವ್ವ ಇರುವ ಮನೆಯಲ್ಲಿ ಬೆಳಿಗ್ಗೆ ಸದ್ದಿಲ್ಲದಿರುವುದು ಸಾಧ್ಯವಿಲ್ಲ. ನಸುಕಿಗೇ ಏಳುತ್ತಾಳೆ. ನಲ್ಲಿ, ಪಾತ್ರೆ, ಬಾಯಲ್ಲಿ ಸಣ್ಣಗೆ ವಚನ, ಚಪ್ಪಲಿ ಎಳೆಯುವ ಸದ್ದು, ಇವೆಲ್ಲ ಸೇರಿ ಮೇಲಿನ ಮನೆಯವರನ್ನೂ ಎಬ್ಬಿಸುತ್ತವೆ. ಅವತ್ತು ಏನೂ ಇಲ್ಲ. ಪರದೆಯ ಅಂಚಿನಲ್ಲಿ ಬಿಸಿಲು ಬಂದಿತ್ತು. ನಾನು ಹಾಸಿಗೆಯಲ್ಲೇ ಕೂತು ಸ್ವಲ್ಪ ಹೊತ್ತು ಕಾದೆ. ಈ ಕಾಲದಲ್ಲಿ ಇಂಥದ್ದನ್ನೆಲ್ಲ ನಂಬುವುದು ಮೂರ್ಖತನ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಎದ್ದುಹೋಗಿ ಅವಳ ಕೋಣೆಯ ಬಾಗಿಲಿಗೆ ಕಿವಿ ಇಟ್ಟೆ. ಉಸಿರಿನ ಸದ್ದೂ ಕೇಳಲಿಲ್ಲ. ಬಾಗಿಲ ಹಿಡಿಕೆ ಹಿಡಿದೆ, ತಿರುಗಿಸಲು ಧೈರ್ಯವಾಗಲಿಲ್ಲ. ಆ ಒಂದು ನಿಮಿಷ ನಾನು ಪಟ್ಟ ಭಯವನ್ನು ಇನ್ನೊಮ್ಮೆ ಪಡಲಾರೆ. ಎರಡು ಗುಟುಕಿಗೆ ನನ್ನ ಅವ್ವನನ್ನು ಕಳೆದುಕೊಂಡೆ ಎಂದೇ ಅಂದುಕೊಂಡೆ.

ಆಮೇಲೆ ತಿರುಗಿಸಿದೆ. ಹಾಸಿಗೆ ಖಾಲಿ ಇತ್ತು, ಚಾದರ ಮಡಚಿಟ್ಟಿತ್ತು.

ಅಡುಗೆಮನೆಯಲ್ಲಿ ಇರಲಿಲ್ಲ. ಬಾಲ್ಕನಿಯಲ್ಲಿ ಇದ್ದಳು. ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕಂಬಗಳ ಮೇಲೆ ಮೆಟ್ರೋ ಹೋಗುವುದನ್ನು ನೋಡುತ್ತಿದ್ದಳು. ತಲೆಸ್ನಾನ ಮಾಡಿ ಕೂದಲು ಬಿಚ್ಚಿಕೊಂಡಿದ್ದಳು. ಮುಂದಿನ ಸ್ಟೂಲಿನ ಮೇಲೆ ಎರಡು ಕಪ್ ಚಹಾ. ಒಂದನ್ನು ಅವಳು ಮುಗಿಸಿದ್ದಳು.

“ಸಪ್ಪಳ ಯಾಕ ಇಲ್ಲ?” ಎಂದೆ. ನನ್ನ ದನಿ ನನಗೇ ಬೇರೆ ಕೇಳಿಸಿತು.

“ಮಲಗಲಿ ಅಂತ ಸುಮ್ನ ಇದ್ದೆ. ತಡಾ ಮಾಡಿ ಬಂದಿದ್ದೆಲ್ಲ.” ನನ್ನ ಮುಖವನ್ನೊಮ್ಮೆ ನೋಡಿದಳು. ನಾನು ಎಲ್ಲಿಂದ ಎದ್ದು ಬಂದೆ, ಯಾವ ಬಾಗಿಲಲ್ಲಿ ನಿಂತು ಬಂದೆ ಎಂಬುದೆಲ್ಲ ಅವಳಿಗೆ ಅಲ್ಲೇ ಕಂಡಿರಬೇಕು. “ಕುಡದಿ?”

“ಕುಡದೆ.”

“ಕೆಲಸ ಉಳೀತು?”

“ಉಳೀತು.”

ಅವಳು ಒದ್ದೆ ಕೂದಲಿನ ಮೇಲೆ ಕೈ ಆಡಿಸಿಕೊಂಡಳು, ನೆತ್ತಿಯ ತನಕ. “ಇಲ್ಲೇ ಐತಿ ನೋಡು. ಏನೂ ಒಡದಿಲ್ಲ.”

ನಾನು ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕೂತೆ. ಕೆಳಗೆ ಯಾವುದೋ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವ್ವ ಆ ಕಡೆ ನೋಡುತ್ತಲೇ ಹೇಳಿದಳು:

“ಅವತ್ತ ನಿನ್ನ ಕೈ ಭಾಳ ನಡಗತಿತ್ತೋ, ನನ್ನ ತಲಿ ಮ್ಯಾಲ. ಇನ್ನೂ ಸಣ್ಣಾಂವ. ಹಂಗ ಮಾಡಸಬಾರ್ದಿತ್ತು ನಾ.”

ಕೈ ನಡುಗಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಡುಗಿತ್ತೆಂದು ನನಗೇ ಗೊತ್ತಿರಲಿಲ್ಲ. ಅವಳ ಮೊಣಕಾಲಿಗೆ ತಲೆ ಆನಿಸಿದೆ. ಅಳು ಬಂತು. ಅವಳು ಇನ್ನೊಂದು ಕಪ್ಪನ್ನು ನನ್ನ ಕಡೆ ಸರಿಸಿದಳು.

“ಚಾ ಆರಾಕತ್ತೈತಿ,” ಎಂದಳು. “ಕುಡಿ.”